ರೋಗಮೂಲ ವಿಚಾರ

ಋಷಿಮೂಲವನ್ನೂ ನದೀಮೂಲವನ್ನೂ ವಿಚಾರಿಸಬಾರದೆಂದು ಹಿರಿಯರು ಹೇಳುವರು. ರೋಗಮೂಲಕ್ಕೆ ಆ ಮಾತು ಸಲ್ಲದು. ಅದನ್ನು ವಿಚಾರಿಸದೆ ಬಿಟ್ಟರೆ ಒಂದು ಮನೆಯ ಬೇನೆಯು ಊರಿನ ಬೇನೆಯಾದೀತು.

ವಿಚಾರಿಸುವ ಬಗೆ ಹೇಗೆ? ನಾನು ಉಪಾಧ್ಯಾಯನಾಗಿದ್ದಾಗ ಒಂದೇ ತರಗತಿಯಲ್ಲಿ ನಾಲ್ವರು ನಾರಾಯಣರಿದ್ದರು. "ನಾರಾಯಣನು ಮಾವಿನಕಾಯಿ ಕದ್ದನು" ಎಂದು ದೂರು ಬಂದರೆ ಯಾರನ್ನು ಕರೆಯುವುದು? ತಂದೆಯ ಹೆಸರೂ ಊರಿನ ಹೆಸರೂ ತಿಳಿದ ಮೇಲೆಯೇ ನಿರ್ಣಯ. ಆಹಾರದ ಮೂಲಕ ಹೊಟ್ಟೆಯನ್ನು ಸೇರಿ ಜ್ವರ ಭೇದಿಗಳನ್ನುಂಟುಮಾಡುವ ಸಾಲ್ಮೊನೆಲ್ಲ ಎಂಬ ಕ್ರಿಮಿಯ ವಿಷಯವೂ ಹೀಗೆಯೇ. ಸೂಕ್ಷ್ಮದರ್ಶಕದಲ್ಲಿ ಎಲ್ಲಕ್ಕೂ ಒಂದೇ ಕಡ್ಡಿಯ ಆಕಾರ. ವಂಶಭೇದವು ಕಣ್ಣಿಗೆ ಕಾಣದು.

ಲಂಡನ್ನಿನ ಕಾಲಿಂಡೇಲ್ ಪ್ರಯೋಗಶಾಲೆಯಲ್ಲಿ ಇ. ಎಸ್. ಆಂಡರ್ಸನ್ ಎಂಬ ವಿದ್ವಾಂಸರು ಇದನ್ನು ಒಂದು ಉಪಾಯದಿಂದ ಅರಿಯುತ್ತಿದ್ದರು. ಕ್ರಿಮಿಗಳನ್ನೇ ಕೊಲ್ಲುವ ಫೇಜ್ ಎಂಬ ವೈರಸ್ಸುಗಳುಂಟು. ಒಂದು ಫೇಜಿಗೆ ತುತ್ತಾಗುವ ಕ್ರಿಮಿಯು ಇನ್ನೊಂದಕ್ಕೆ ಜಗ್ಗದು. ತಟ್ಟೆಯಲ್ಲಿ ಕ್ರಿಮಿಯನ್ನು ಹರಡಿ, ಬೇರೆ ಬೇರೆ ಫೇಜುಗಳ ಹನಿಗಳನ್ನಿಟ್ಟು ಬೆಚ್ಚಗಿರಿಸಿದರೆ, ಕ್ರಿಮಿ ಸತ್ತೆಡೆಯಲ್ಲಿ ತಿಳಿಯಾದ ಚುಕ್ಕೆ ಮೂಡುವುದು. ಆ ಚುಕ್ಕೆಗಳ ಸಾಲೇ ಅದರ ಅಂಕಿತ, ಅಂಕಿತಕ್ಕೊಂದು ಸಂಖ್ಯೆ.

೧೯೬೪ರಿಂದ ೧೯೬೬ರವರೆಗೆ ಇಂಗ್ಲೆಂಡಿನಲ್ಲಿ ಎಳೆಗರುಗಳು ಈ ಕ್ರಿಮಿಯಿಂದ ಸಾಯತೊಡಗಿದುವು. ಮನುಷ್ಯರಿಗೂ ಬೇನೆ ತಗುಲಿತು. ಎರಡು ಕಡೆಯೂ ದೊರೆತುದು ಒಂದೇ ಸಂಖ್ಯೆ, ೨೯. ಸ್ಟ್ರೆಪ್ಟೊಮೈಸಿನ್, ಟೆಟ್ರಾಸೈಕ್ಲಿನ್, ಆಂಪಿಸಿಲಿನ್ ಮೊದಲಾದ ಔಷಧಗಳಿಗೆ ಅದು ಅಂಜಲಿಲ್ಲ. ಕಾರಣವೂ ಹೊರಬಿದ್ದಿತು. ಹಲವು ಕೊಟ್ಟಿಗೆಗಳ ಕರುಗಳನ್ನು ವ್ಯಾಪಾರಕ್ಕಾಗಿ ಒಂದೆಡೆ ಕೂಡಿಸಿ, ಔಷಧವನ್ನುಣಿಸಿ, ದೂರದೂರಕ್ಕೆ ಕಳುಹಿಸುತ್ತಿದ್ದರು. ದುರ್ಬಲ ಕ್ರಿಮಿ ಸತ್ತಿತು. ಔಷಧವನ್ನು ಜಯಿಸಿದುದು ಉಳಿದು ಹರಡಿತು. ಈ ಜಯವಿದ್ಯೆಯನ್ನು ಒಂದು ಕ್ರಿಮಿಯು ಮತ್ತೊಂದಕ್ಕೆ ಧಾರೆಯೆರೆಯಬಲ್ಲದೆಂಬುದು ಇನ್ನೂ ಭಯಂಕರವಾದ ಸಂಗತಿ. ೧೯೬೯ರಲ್ಲಿ ಸ್ವಾನ್ ಸಮಿತಿಯು, ಮನುಷ್ಯರ ಚಿಕಿತ್ಸೆಗೆ ಬೇಕಾದ ಔಷಧಗಳನ್ನು ಪಶುಗಳ ಬೆಳವಣಿಗೆಗಾಗಿ ಮೇವಿನಲ್ಲಿ ಬೆರೆಸಬಾರದೆಂದು ಸೂಚಿಸಿತು.

ಈಗ ವಿದ್ಯೆಯು ಮುಂದುವರಿದಿದೆ. ಅಮೆರಿಕದಲ್ಲಿ ೧೯೯೬ರಲ್ಲಿ ಆರಂಭವಾದ ಪಲ್ಸ್‌ನೆಟ್ ಎಂಬ ಪ್ರಯೋಗಶಾಲೆಗಳ ಕೂಟವು ಕ್ರಿಮಿಯ ಡಿಎನ್‌ಎಯನ್ನು ತುಂಡರಿಸಿ, ವಿದ್ಯುತ್ತಿನಿಂದ ಸೆಳೆದು, ಮೂಡಿದ ಪಟ್ಟೆಗಳನ್ನು ಹೋಲಿಸುತ್ತಿತ್ತು. ೨೦೧೯ರಿಂದ ಇಡೀ ಡಿಎನ್‌ಎಯನ್ನೇ ಓದುವ ಕ್ರಮವನ್ನು ಹಿಡಿದಿದೆ. ಸಾಲ್ಮೊನೆಲ್ಲದಲ್ಲಿ ಆ ಬರಹವು ಸುಮಾರು ೪೮ ಲಕ್ಷ ಅಕ್ಷರಗಳಷ್ಟು. ಔಷಧವನ್ನು ಜಯಿಸುವ ಗುಣವೂ ಅದರಲ್ಲಿಯೇ ಬರೆದಿರುವುದು.

ಮೂಲವನ್ನು ತೋರಿಸುವುದು ಪ್ರಯೋಗಶಾಲೆಯ ಕೆಲಸ. ಅದಕ್ಕೆ ನೆರವಾಗುವುದು ಗೃಹಸ್ಥರ ಕೆಲಸ. ಹಾಲನ್ನು ಕಾಯಿಸದೆ ಕುಡಿಯಬೇಡಿರಿ. ವೈದ್ಯರ ಮಾತಿಲ್ಲದೆ ಮಗುವಿಗಾಗಲಿ ಕರುವಿಗಾಗಲಿ ಇಂತಹ ಔಷಧವನ್ನು ಕೊಡಬೇಡಿರಿ. ಭೇದಿಯಾದಾಗ ವೈದ್ಯರು ಮಲಪರೀಕ್ಷೆ ಬೇಕೆಂದರೆ ಸಂಕೋಚಪಡಬೇಡಿರಿ. ಆ ಸಣ್ಣ ಶೀಸೆಯು ಪ್ರಯೋಗಶಾಲೆಗೆ ತಲುಪದಿದ್ದರೆ, ತಪ್ಪಿತಸ್ಥನಾದ ನಾರಾಯಣನು ಯಾರೆಂದು ಎಂದಿಗೂ ತಿಳಿಯದು.