ಅಜ್ಜಯ್ಯನ ಮೆಮೊರಿ ಕಾರ್ಡಲ್ಲಿ ನಾವಡರು

ನಮ್ಮ ಕ್ಲಾಸಲ್ಲಿ ಈಗ ಯಾರ ಹತ್ರವೂ ಎಂಪಿತ್ರೀ ಪ್ಲೇಯರ್ ಇಲ್ಲ. ನೆಟ್ ಇದ್ದರೆ ಹಾಡು, ಇಲ್ಲದಿದ್ದರೆ ಇಲ್ಲ. ಆದರೆ ಕುಂದಾಪುರದ ನಮ್ಮನೆಯಲ್ಲಿ ಅಜ್ಜಯ್ಯನ ಕೀಪ್ಯಾಡ್ ಫೋನಲ್ಲಿ 4 ಜಿಬಿ ಮೆಮೊರಿ ಕಾರ್ಡ್ ಇದೆ. ಮೊಬೈಲ್ ಅಂಗಡಿಯಲ್ಲಿ ಹಾಕಿಸಿಕೊಂಡದ್ದು, ಪೂರ್ತಿ ಯಕ್ಷಗಾನ. ಮುಟ್ಟಿದರೆ "ಹುಷಾರ್ ಮಗಾ, ಇದ್ರಗೆ ನಾವಡ್ರ್ ಇದ್ರ್" ಅಂತಾರೆ.

ಗುಂಡ್ಮಿ ಕಾಳಿಂಗ ನಾವಡರು ತೀರಿಕೊಂಡದ್ದು 1990ರಲ್ಲಿ. ನಾನು ಅವರ ಪದ ಕೇಳಿದ್ದು ಈ ಕಾರ್ಡಿನಿಂದಲೇ. ಯಾರೋ ಆಟಕ್ಕೆ ಟೇಪ್ ರೆಕಾರ್ಡರ್ ಹಿಡ್ಕೊಂಡು ಹೋಗಿ ಕೂತದ್ದು ಕ್ಯಾಸೆಟ್ ಆಗಿ, ಸಿಡಿಯಾಗಿ, ಕಾರ್ಡಿಗೆ ಬಂತು.

ಲೆಕ್ಕ ನೋಡಿ. 1998ರಲ್ಲಿ ಬಂದ ಮೊದಲ ಎಂಪಿತ್ರೀ ಪ್ಲೇಯರ್ ಎಂಪಿಮ್ಯಾನ್‌ನಲ್ಲಿ ಜಾಗ 32 ಎಂಬಿ. 128 ಕೆಬಿಪಿಎಸ್‌ನಲ್ಲಿ ಅರ್ಧ ಗಂಟೆ, ಪ್ರಸಂಗದ ಪೀಠಿಕೆಗೇ ಸರಿ. ಎಂಟು ಗಂಟೆಯ ಇಡೀ ರಾತ್ರಿ ಆಟಕ್ಕೆ ಸುಮಾರು 460 ಎಂಬಿ ಬೇಕು. 2001ರ 5 ಜಿಬಿ ಐಪಾಡ್‌ಗೆ ಹತ್ತು ಆಟ, ಅಜ್ಜಯ್ಯನ ಕಾರ್ಡಿಗೆ ಎಂಟು. ಐಪಾಡ್ 2022ರಲ್ಲಿ ನಿಂತಿತು, ಕಾರ್ಡ್ ಇನ್ನೂ ಹಾಡ್ತಿದೆ.

ಆದರೆ ಎಷ್ಟು ದಿನ? ಫ್ಲಾಷ್ ಮೆಮೊರಿಯಲ್ಲಿ ಡೇಟಾ ಅಂದ್ರೆ ಚಾರ್ಜ್. ವರ್ಷಗಟ್ಟಲೆ ಬಳಸದೆ ಬಿಟ್ಟರೆ ಅದು ಸೋರುತ್ತದೆ. ಆ್ಯಪಲ್ಲಿ ಎಲ್ಲ ಸಿಗುತ್ತೆ ಅನ್ನಬೇಡಿ, ಯಾರೂ ಅಪ್‌ಲೋಡ್ ಮಾಡದ ಆಟ ಅಲ್ಲಿಗೆ ಎಲ್ಲಿಂದ ಬರಬೇಕು?

ಈ ರಜೆಯಲ್ಲಿ ಊರಿಗೆ ಹೋದಾಗ ಮನೆಯ ಹಳೇ ಕಾರ್ಡ್ ಕೇಳಿ, ಲ್ಯಾಪ್‌ಟಾಪಿಗೆ ಕಾಪಿ ಮಾಡಿ. ಫೈಲ್ ಹೆಸರು "ಟ್ರ್ಯಾಕ್ 01" ಅಂತ ಬಿಡಬೇಡಿ. ಪ್ರಸಂಗ ಯಾವುದು, ಭಾಗವತರು ಯಾರು, ಎಲ್ಲಿ ನಡೆದ ಆಟ ಅಂತ ಅಜ್ಜಯ್ಯನನ್ನೇ ಕೇಳಿ ಬರೆಯಿರಿ. ಅದು ಕಾರ್ಡಲ್ಲಿ ಇಲ್ಲ, ಅವರ ತಲೆಯಲ್ಲಿ ಮಾತ್ರ ಇದೆ.