ಹೆಬ್ಬಾಗಿಲು ಹಾಕಿದಿರಿ, ಹಿತ್ತಿಲ ಕಡೆ ಯಾರಿದ್ದಾರೆ?

ಗೆ,
ಕೇಂದ್ರ ವಾಣಿಜ್ಯ ಮತ್ತು ಕೈಗಾರಿಕಾ ಸಚಿವರು,
ನವದೆಹಲಿ

ವಿಷಯ: ಆರ್‌ಸಿಇಪಿ ಮಾತುಕತೆಯಿಂದ ಹೊರಬಂದ ಮೇಲೂ ನಿಲ್ಲದ ವಿದೇಶಿ ಅಡಿಕೆಯ ಬಗ್ಗೆ

ಮಾನ್ಯರೇ,

2019ರ ನವೆಂಬರ್ 4ರಂದು ಬ್ಯಾಂಕಾಕಿನಲ್ಲಿ ಪ್ರಧಾನಿಯವರು ಆರ್‌ಸಿಇಪಿ ಎಂಬ ಏಷ್ಯಾ-ಪೆಸಿಫಿಕ್ ಮುಕ್ತ ವ್ಯಾಪಾರ ಕೂಟಕ್ಕೆ ಭಾರತ ಸೇರುವುದಿಲ್ಲವೆಂದು ಹೇಳಿದರು. ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ, ಮುಳ್ಳೇರಿಯದ ಕಡೆಯ ಅಡಿಕೆ ಬೆಳೆಗಾರರಾದ ನಮಗೆ ಅದು ಸಮಾಧಾನದ ಸುದ್ದಿ. ಅಡಿಕೆ ಬೆಳೆಯುವ ಇಂಡೋನೇಷ್ಯಾ, ಮ್ಯಾನ್ಮಾರ್, ಕಾಳುಮೆಣಸು ಬೆಳೆಯುವ ವಿಯೆಟ್ನಾಂ ಎಲ್ಲವೂ ಆ ಕೂಟದೊಳಗೇ ಇದ್ದವು. ಉಳಿದ 15 ದೇಶಗಳು ಮರುವರ್ಷ ಸಹಿ ಹಾಕಿಕೊಂಡವು. ನಾವು ಹಾಕಲಿಲ್ಲ. ಎಡದವರು, ಕಾಂಗ್ರೆಸ್ಸಿನವರು, ಸ್ವದೇಶಿ ಜಾಗರಣ ಮಂಚದವರು ಒಂದೇ ಕಡೆ ನಿಂತು ವಿರೋಧಿಸಿದ ಒಪ್ಪಂದ ಅದು. ಅಂಥ ಒಮ್ಮತ ಈ ದೇಶದಲ್ಲಿ ದಿನವೂ ಕಾಣಸಿಗುವುದಲ್ಲ. ಆ ನಿರ್ಧಾರ ಸರಿಯಾಗಿತ್ತೆಂದೇ ನಾನು ಈಗಲೂ ನಂಬುತ್ತೇನೆ.

ನನ್ನ ದೂರು ಅದರ ಆಚೆಯದು. ದೇಶದ ಹಕ್ಕು ನಮ್ಮ ಕೈಯಲ್ಲೇ ಇರಲಿ ಎಂದು ಹೆಬ್ಬಾಗಿಲು ಹಾಕಿದಿರಿ. ಹಿತ್ತಿಲ ಬಾಗಿಲು ಅದಕ್ಕೆ ಮುಂಚೆಯೇ ತೆರೆದಿತ್ತು, ಈಗಲೂ ತೆರೆದಿದೆ.

ಹಳೆಯ ಲೆಕ್ಕ ಮೊದಲು. ಶ್ರೀಲಂಕಾದೊಂದಿಗಿನ ಮುಕ್ತ ವ್ಯಾಪಾರ ಒಪ್ಪಂದಕ್ಕೆ ಸಹಿ ಬಿದ್ದದ್ದು 1998ರಲ್ಲಿ. ಆಗ್ನೇಯ ಏಷ್ಯಾದ ದೇಶಗಳ ಕೂಟವಾದ ಆಸಿಯಾನ್ ಜೊತೆಗಿನ ಒಪ್ಪಂದಕ್ಕೆ 2009ರಲ್ಲಿ. ಆ ವರ್ಷದ ಅಕ್ಟೋಬರ್ 2ರಂದು ಆಸಿಯಾನ್ ಒಪ್ಪಂದವನ್ನು ವಿರೋಧಿಸಿ ಎಡರಂಗದವರು ಕಾಸರಗೋಡಿನಿಂದ ತಿರುವನಂತಪುರದವರೆಗೆ ಮಾನವ ಸರಪಳಿ ಕಟ್ಟಿದರು. ಸರಪಳಿಯ ಈ ತುದಿ ನಮ್ಮ ಜಿಲ್ಲೆಯಲ್ಲೇ ಇತ್ತು. ಒಪ್ಪಂದ ಮಾತ್ರ 2010ರ ಜನವರಿ 1ರಿಂದ ಜಾರಿಯಾಯಿತು, ಕಾಳುಮೆಣಸಿನ ಸುಂಕವನ್ನು ಹಂತಹಂತವಾಗಿ ಶೇಕಡಾ 50ಕ್ಕೆ ಇಳಿಸುವ ಮಾತೂ ಅದರಲ್ಲಿತ್ತು. ಆಮೇಲೆ ವಿಯೆಟ್ನಾಂ ಮೆಣಸು ಆ ಶೇಕಡಾ 50 ಸುಂಕ ಕೊಡುವ ಗೋಜಿಗೂ ಹೋಗದೆ, ಶ್ರೀಲಂಕಾದ ಮೆಣಸೆಂದು ಹೆಸರು ಬದಲಿಸಿಕೊಂಡು ಬರತೊಡಗಿತು. ಕೊನೆಗೆ ಕಿಲೋಗೆ 500 ರೂಪಾಯಿಯ ಕನಿಷ್ಠ ಆಮದು ಬೆಲೆ ನಿಗದಿ ಮಾಡಬೇಕಾಗಿ ಬಂತು.

ಅಡಿಕೆಯದೂ ಇದೇ ದಾರಿ. ಇಂಡೋನೇಷ್ಯಾದ ಅಡಿಕೆ ಕೊಲಂಬೋದಲ್ಲಿ ಇಳಿದು, ಶ್ರೀಲಂಕಾದ್ದೆಂಬ ಮೂಲ ಪ್ರಮಾಣಪತ್ರ ಕಟ್ಟಿಕೊಂಡು ಸುಂಕವಿಲ್ಲದೆ ಬಂದದ್ದನ್ನು ನಿಮ್ಮದೇ ಸರಕಾರದ ಕಂದಾಯ ಗುಪ್ತಚರ ನಿರ್ದೇಶನಾಲಯದವರು ಹಿಡಿದಿದ್ದಾರೆ. ಮ್ಯಾನ್ಮಾರಿನದು ಮಿಜೋರಾಮಿನ ಚಂಫಾಯ್ ಗಡಿ ದಾಟಿ ಬರುತ್ತದೆ; ಅಸ್ಸಾಂ ರೈಫಲ್ಸ್ ಜಪ್ತಿ ಮಾಡಿದ ಸುದ್ದಿ ಆಗಾಗ ಓದುತ್ತೇವೆ. ಇದರಲ್ಲಿ ಪೆಟ್ಟು ತಿನ್ನುವವರು ನಾವಷ್ಟೇ ಅಲ್ಲ. ಮಿಜೋರಾಮಿನ ಮಮಿತ್, ಕೊಲಾಸಿಬ್ ಜಿಲ್ಲೆಗಳಲ್ಲೂ ಅಡಿಕೆ ಬೆಳೆಗಾರರಿದ್ದಾರೆ. ಮ್ಯಾನ್ಮಾರಿನದಿರಬಹುದೆಂಬ ಅನುಮಾನಕ್ಕೆ ಅವರ ಸ್ವಂತ ಬೆಳೆಯೂ ಅಸ್ಸಾಂ ಗಡಿಯಲ್ಲಿ ತಡೆದು ನಿಂತದ್ದುಂಟು. ಕಳ್ಳಮಾಲು ಬರುವ ದಾರಿಯಲ್ಲೇ ಮನೆ ಇರುವ ಅವರ ಪಾಡು ನಮ್ಮದಕ್ಕಿಂತ ಕಷ್ಟ.

2023ರ ಫೆಬ್ರವರಿಯಲ್ಲಿ ನಿಮ್ಮ ಸಚಿವಾಲಯ ಅಡಿಕೆಯ ಕನಿಷ್ಠ ಆಮದು ಬೆಲೆಯನ್ನು ಕಿಲೋಗೆ 251ರಿಂದ 351 ರೂಪಾಯಿಗೆ ಏರಿಸಿತು. ಅದಕ್ಕೆ ಕೃತಜ್ಞತೆ. ಆದರೆ ಲೆಕ್ಕ ಹಾಕಿ ನೋಡಿ. ಮೂಲ ಸುಂಕ ಶೇಕಡಾ 100. ಸುಂಕ ಕಟ್ಟಿ ನೇರವಾಗಿ ತರುವವನಿಗೆ ಕಿಲೋಗೆ 700 ರೂಪಾಯಿ ದಾಟುತ್ತದೆ, ಅವನು ಈ ವ್ಯಾಪಾರಕ್ಕೇ ಬರುವುದಿಲ್ಲ. ಸುಂಕ ವಿನಾಯಿತಿಯ ಪತ್ರ ಇರುವವನಿಗೆ 351ಕ್ಕೇ ಮುಗಿಯಿತು. ಈಚಿನ ವರ್ಷಗಳಲ್ಲಿ ಬಿಸಿಲಲ್ಲಿ ಒಣಗಿಸಿದ ನಮ್ಮ ಚಾಲಿ ಅಡಿಕೆಯ ಧಾರಣೆ 400 ದಾಟಿದ್ದುಂಟು. ಅಂಥ ಹೊತ್ತಿನಲ್ಲಿ ಲಾಭ ಯಾರಿಗೆಂದು ಹೇಳಬೇಕಾಗಿಲ್ಲ. ಇನ್ನು ರಫ್ತು ಘಟಕಗಳಿಗೆ, ವಿಶೇಷ ಆರ್ಥಿಕ ವಲಯಗಳಿಗೆ ಈ ಬೆಲೆಯ ಷರತ್ತೇ ಇಲ್ಲ. ಹುರಿಯದ ಅಡಿಕೆಗೆ ಬೇಲಿ ಹಾಕಿದಾಗ ಹುರಿದ ಅಡಿಕೆಯೆಂದು ಬೇರೆ ಹೆಸರಿನಲ್ಲಿ ತಂದರು. ಆ ಕಂಡಿ ಮುಚ್ಚಲು 2025ರ ಏಪ್ರಿಲ್ ಬೇಕಾಯಿತು. ತರುವವರ ಬುದ್ಧಿ ಸಚಿವಾಲಯದ ಕಡತಕ್ಕಿಂತ ವೇಗವಾಗಿ ಓಡುತ್ತದೆ.

ಭೂತಾನಿನ ವಿಷಯಕ್ಕೆ ಬರುತ್ತೇನೆ. 2022ರ ಸೆಪ್ಟೆಂಬರಿನಲ್ಲಿ ಅಲ್ಲಿಂದ ವರ್ಷಕ್ಕೆ 17,000 ಟನ್ ಹಸಿ ಅಡಿಕೆಯನ್ನು ಕನಿಷ್ಠ ಬೆಲೆಯ ಷರತ್ತಿಲ್ಲದೆ, ಪಶ್ಚಿಮ ಬಂಗಾಳದ ಜೈಗಾಂವ್ ಸುಂಕದ ಕಟ್ಟೆಯ ಮೂಲಕ ತರಲು ಬಿಟ್ಟಿರಿ. ನಮ್ಮಲ್ಲಿ ದೊಡ್ಡ ಗದ್ದಲವಾಯಿತು. ನಾನು ಆ ಗದ್ದಲದಲ್ಲಿ ಪೂರ್ತಿ ಸೇರಲಿಲ್ಲ. ಭೂತಾನಿನ ಬೆಳೆಗಾರನಿಗೆ ಭಾರತವೇ ದೊಡ್ಡ ಹೊರಪೇಟೆ, ಅವನೂ ನಮ್ಮ ಹಾಗೇ ಮಳೆಯನ್ನು ನಂಬಿದವನು. ಆ 17,000 ಟನ್ ಭೂತಾನಿನದೇ ಆಗಿರಲಿ, 17,000ಕ್ಕೇ ನಿಲ್ಲಲಿ, ಅಷ್ಟಾದರೆ ಸಾಕು.

ಇಂಥ ಕೂಟಗಳಿಂದ ಹೊರಬಂದ ಬೇರೆ ದೇಶಗಳ ಕಡೆಗೂ ಒಮ್ಮೆ ನೋಡೋಣ. ಮಾಲಿ, ನೈಜರ್, ಬುರ್ಕಿನಾ ಫಾಸೊ ದೇಶಗಳು ಪಶ್ಚಿಮ ಆಫ್ರಿಕಾದ ಆರ್ಥಿಕ ಕೂಟವಾದ ಇಕೋವಾಸನ್ನು 2025ರ ಜನವರಿ 29ರಂದು ಬಿಟ್ಟವು. 1975ರಿಂದ ಜೊತೆಗಿದ್ದವರು, ಬಿಡುವಾಗ ಹೇಳಿದ್ದು ಸಾರ್ವಭೌಮತ್ವದ ಮಾತನ್ನೇ. ಮೂರಕ್ಕೂ ಕಡಲಿಲ್ಲ. ಅವರ ಸರಕು ಸಾಗಬೇಕಾದರೆ ನೆರೆಯವರ ಬಂದರೇ ಬೇಕು. ಹಾಗಾಗಿ ಅವರು ಬಿಟ್ಟ ದಿನವೇ ಇಕೋವಾಸ್, ಅವರ ಸರಕು ಮತ್ತು ಪಾಸ್‌ಪೋರ್ಟುಗಳನ್ನು ಸದ್ಯಕ್ಕೆ ಹಿಂದಿನಂತೆಯೇ ನೋಡಿಕೊಳ್ಳಿ ಎಂದು ತನ್ನ ಸದಸ್ಯರಿಗೆ ಹೇಳಬೇಕಾಯಿತು. ಬ್ರಿಟನ್ನಿನದೂ ಹಾಗೆಯೇ: 2016ರಲ್ಲಿ ಮತ ಹಾಕಿದರು, ಹೊರಬಂದದ್ದು 2020ರ ಜನವರಿ 31ಕ್ಕೆ, ಉತ್ತರ ಐರ್ಲೆಂಡಿಗೆ ಹೋಗುವ ಸರಕಿನ ತಪಾಸಣೆ ಎಲ್ಲಿ ನಡೆಯಬೇಕೆಂಬ ಜಗಳ ಅದಾದ ಮೇಲೂ ವರ್ಷಗಟ್ಟಲೆ ಎಳೆಯಿತು. ಹೊರಬಂದೆವೆಂದು ಹೇಳುವುದು ಒಂದು ದಿನದ ಕೆಲಸ. ಸುಂಕದ ಕಟ್ಟೆ ಕಾಯುವುದು ವರ್ಷದ 365 ದಿನದ್ದು.

1970ರ ದಶಕದ ಆರಂಭದಲ್ಲಿ ಅಡಿಕೆಯ ಧಾರಣೆ ಕುಸಿದಾಗ ನಮ್ಮ ಹಿರಿಯರು ಯಾರನ್ನೂ ಕಾಯುತ್ತಾ ಕೂರಲಿಲ್ಲ. ಅಡ್ಯನಡ್ಕದ ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳತ್ವದಲ್ಲಿ 1973ರಲ್ಲಿ ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೊ ಹುಟ್ಟಿತು, ಕರ್ನಾಟಕ ಮತ್ತು ಕೇರಳ ಎರಡಕ್ಕೂ ಸೇರಿದ ಸಂಸ್ಥೆಯಾಗಿ. ರಾಜ್ಯದ ಗಡಿ 1956ರಲ್ಲಿ ನಮ್ಮನ್ನು ಕೇರಳಕ್ಕೆ ಸೇರಿಸಿದರೂ ಅಡಿಕೆಯ ಮಟ್ಟಿಗೆ ನಾವು ಒಂದೇ ಆಗಿ ಉಳಿದೆವು. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಸಿಂಪಡಿಸುವುದು, ಎಲೆಚುಕ್ಕಿಗೆ ಮದ್ದು ಹುಡುಕುವುದು, ಕೊನೆ ಇಳಿಸುವವರನ್ನು ಹೊಂದಿಸುವುದು ನಮ್ಮ ಕೆಲಸ; ಮಾಡುತ್ತೇವೆ. ಸುಂಕದ ಕಟ್ಟೆ ಕಾಯುವುದು ನಮ್ಮಿಂದ ಆಗದು.

ಆದುದರಿಂದ ಕೇಳುವುದಿಷ್ಟು. ಯಾವ ಬಂದರು, ಯಾವ ಕಟ್ಟೆಯಿಂದ, ಯಾವ ದೇಶದ ಅಡಿಕೆ ಎಷ್ಟು, ಯಾವ ಬೆಲೆಗೆ, ಯಾವ ವಿನಾಯಿತಿಯಲ್ಲಿ ಬಂತೆಂದು ತಿಂಗಳಿಗೊಮ್ಮೆ ಪ್ರಕಟಿಸಿ. ಜೈಗಾಂವ್ ಲೆಕ್ಕ ಪ್ರತ್ಯೇಕ ಇರಲಿ. ಮೂಲ ಪ್ರಮಾಣಪತ್ರ ಪರೀಕ್ಷಿಸಲು 2020ರ ಸೆಪ್ಟೆಂಬರಿನಲ್ಲೇ ನಿಯಮ ತಂದಿದ್ದೀರಿ. ಅಡಿಕೆ, ಮೆಣಸಿನ ವಿಷಯದಲ್ಲಿ ಅದನ್ನು ಎಷ್ಟು ಸಲ ಬಳಸಿದಿರೆಂದು ತಿಳಿಸಿ. ಜಪ್ತಿಯಾದ ಅಡಿಕೆ ಹರಾಜಾಗಿ ಮತ್ತೆ ನಮ್ಮ ಪೇಟೆಗೇ ಬರದ ಹಾಗೆ ನೋಡಿಕೊಳ್ಳಿ. ಆಸಿಯಾನ್ ಒಪ್ಪಂದದ ಮರುಪರಿಶೀಲನೆಗೆ ಕೂರುವಾಗ ಬೆಳೆಗಾರರ ಕಡೆಯವರೊಬ್ಬರನ್ನು ಜೊತೆಗಿಟ್ಟುಕೊಳ್ಳಿ.

ಡಿಸೆಂಬರಿನಲ್ಲಿ ಹೊಸ ಬೆಳೆ ಅಂಗಳದಲ್ಲಿ ಒಣಗಲು ಬೀಳುತ್ತದೆ. ಅಷ್ಟರೊಳಗೆ ಉತ್ತರ ಬಂದರೆ ಉಪಕಾರ. ಕನ್ನಡದಲ್ಲಿ ಬಂದರೆ ಸಂತೋಷ, ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಬಂದರೂ ಓದಿಸಿಕೊಳ್ಳುತ್ತೇವೆ.

ಇತಿ,
ಬದಿಯಡ್ಕದ ಸಮೀಪದ ಒಬ್ಬ ಅಡಿಕೆ ಕೃಷಿಕ