ಊಹಿಸಲಾಗದ ಸಂಖ್ಯೆಗೆ ಓದಲಾಗುವ ಕೋಡ್ ಬೇಕು

ತಂತ್ರಾಂಶದ ಬಹುಪಾಲು ದೋಷಗಳು ತಾವಾಗಿಯೇ ಬಯಲಿಗೆ ಬರುತ್ತವೆ. ಲೆಕ್ಕ ತಪ್ಪುತ್ತದೆ, ಕಾರ್ಯಕ್ರಮ ನಿಂತುಹೋಗುತ್ತದೆ, ಬಳಸುವವರು ದೂರುತ್ತಾರೆ. ಗೂಢಲಿಪಿ ಲೈಬ್ರರಿಯೊಳಗೆ ಯಾದೃಚ್ಛಿಕ ಸಂಖ್ಯೆಗಳನ್ನು ಹುಟ್ಟಿಸುವ ಭಾಗ ಕೆಟ್ಟರೆ ಇದಾವುದೂ ಆಗುವುದಿಲ್ಲ. ಕೀಲಿಗಳು ಎಂದಿನಂತೆ ತಯಾರಾಗುತ್ತವೆ, ನೋಡಲು ಚೆನ್ನಾಗಿಯೇ ಇರುತ್ತವೆ. 2006ರಲ್ಲಿ ಡೆಬಿಯನ್ ಲಿನಕ್ಸ್, ಓಪನ್‌ಎಸ್‌ಎಸ್‌ಎಲ್ ಎಂಬ ಗೂಢಲಿಪಿ ಲೈಬ್ರರಿಯ ತನ್ನ ಪ್ರತಿಯಿಂದ ಎರಡು ಸಾಲುಗಳನ್ನು ತೆಗೆಯಿತು. ಮೆಮೊರಿ ಪರೀಕ್ಷಿಸುವ ಸಾಧನವೊಂದು ಅವುಗಳ ಬಗ್ಗೆ ಎಚ್ಚರಿಕೆ ಕೊಡುತ್ತಿದ್ದುದೇ ಕಾರಣ. ಒಂದು ಸಾಲು ಹೋದದ್ದರಿಂದ ಹಾನಿಯೇನೂ ಇರಲಿಲ್ಲ. ಆದರೆ ಸಂಗ್ರಹಿಸಿದ ಅನಿಶ್ಚಿತತೆಯನ್ನೆಲ್ಲ ಒಳಗೆ ಬೆರೆಸುತ್ತಿದ್ದುದು ಇನ್ನೊಂದು ಸಾಲು. ಅದು ಹೋದ ಮೇಲೆ ಉಳಿದದ್ದು ಪ್ರಕ್ರಿಯೆಯ ಸಂಖ್ಯೆಯೊಂದೇ, ಅಂದರೆ ಹೆಚ್ಚೆಂದರೆ 32,768 ಸಾಧ್ಯತೆ. ಯಾರು ಬೇಕಾದರೂ ಮೊದಲೇ ಪಟ್ಟಿ ಮಾಡಿಡಬಹುದಾದ ಕೀಲಿಗಳು 2008ರ ಮೇ ತಿಂಗಳವರೆಗೆ ಸರ್ವರುಗಳಲ್ಲಿ ಚಲಾವಣೆಯಲ್ಲಿದ್ದವು.

ಈ ಪ್ರಕರಣವನ್ನು ‘ಸರಿಯಾಗಿ ನಡೆಯುತ್ತಿರುವುದನ್ನು ಮುಟ್ಟಬಾರದು’ ಎಂಬ ವಾದಕ್ಕೆ ಬಳಸುವವರಿದ್ದಾರೆ. ನನಗೆ ಕಾಣುವುದು ಇದಕ್ಕೆ ತದ್ವಿರುದ್ಧ. ಆ ಎರಡು ಸಾಲುಗಳಲ್ಲಿ ಯಾವುದು ಪ್ರಾಣ, ಯಾವುದು ಅಲಂಕಾರ ಎಂದು ಅನುಭವಿ ಕಣ್ಣಿಗೂ ಗೊತ್ತಾಗದಂತೆ ಕೋಡ್ ಇತ್ತು. ಓಪನ್‌ಎಸ್‌ಎಸ್‌ಎಲ್‌ನ ಪೂರ್ವರೂಪವಾದ 1990ರ ದಶಕದ ಎಸ್‌ಎಸ್‌ಎಲ್‌ಇಎವೈ ಕಾಲದಿಂದ ಬಂದ ಆ ವಿನ್ಯಾಸ ಯಾವ ಮಾನದಂಡವನ್ನೂ ಅನುಸರಿಸಿರಲಿಲ್ಲ. ಹೊರಬಂದ ಸಂಖ್ಯೆಗಳನ್ನು ಎಷ್ಟು ಪರೀಕ್ಷಿಸಿದರೂ ಭದ್ರತೆ ಸಾಬೀತಾಗದು. ಒಂದೇ ಪುಟ್ಟ ಬೀಜದಿಂದ, ಅಂದರೆ ಆರಂಭದ ಸಂಖ್ಯೆಯಿಂದ, ಬೆಳೆದ ಸಂಖ್ಯೆಗಳ ಸಾಲೂ ಸಂಖ್ಯಾಶಾಸ್ತ್ರದ ಪರೀಕ್ಷೆಗಳಲ್ಲಿ ಸಲೀಸಾಗಿ ತೇರ್ಗಡೆಯಾಗುತ್ತದೆ. ಹಾಗಾಗಿ ಇಲ್ಲಿ ಕೋಡನ್ನು ಓದಿ ಅರ್ಥಮಾಡಿಕೊಳ್ಳುವುದು ಬಿಟ್ಟರೆ ಬೇರೆ ಸಾಕ್ಷ್ಯವೇ ಇಲ್ಲ. ಓದಲು ಬಾರದ ಕೋಡ್ ಎಷ್ಟೇ ವರ್ಷ ಓಡಿದ್ದರೂ ಅದು ಸಾಕ್ಷ್ಯವಿಲ್ಲದೆ ಪಡೆದ ನಂಬಿಕೆ.

2018ರ ಸೆಪ್ಟೆಂಬರಿನಲ್ಲಿ ಬಂದ ಓಪನ್‌ಎಸ್‌ಎಸ್‌ಎಲ್ 1.1.1 ಆವೃತ್ತಿ ಈ ಭಾಗವನ್ನು ಹೊಸದಾಗಿ ಬರೆದದ್ದು ಅದಕ್ಕೇ ಮುಖ್ಯ. ಬೀಜವನ್ನು ಆಪರೇಟಿಂಗ್ ಸಿಸ್ಟಮ್ಮಿನ ಕರ್ನಲ್‌ನಿಂದ ಪಡೆಯುವುದು, ಪ್ರಕಟಿತ ಮಾನದಂಡದ ಪ್ರಕಾರ ಎಇಎಸ್ ಗೂಢಲಿಪಿ ಬಳಸಿ ಅದನ್ನು ಹಿಗ್ಗಿಸುವುದು, ಗುಟ್ಟಾಗಿ ಉಳಿಯಬೇಕಾದ ಕೀಲಿಗಳ ಜನಕವನ್ನೂ ಜಾಲದಲ್ಲಿ ಬಹಿರಂಗವಾಗಿ ಹೋಗುವ ಸಂಖ್ಯೆಗಳ ಜನಕವನ್ನೂ ಬೇರೆಬೇರೆ ಇಡುವುದು: ಪ್ರತಿ ಹೆಜ್ಜೆಗೂ ಹೇಳಬಹುದಾದ ಕಾರಣವಿದೆ.

ಹೊಸ ಕೋಡ್ ಹೊಸ ದೋಷ ತರುತ್ತದೆ ಎಂಬ ಆಕ್ಷೇಪ ನಿಜ. ಒಂದು ಪ್ರಕ್ರಿಯೆ ಇನ್ನೊಂದನ್ನು ಹುಟ್ಟಿಸಿದಾಗ ಎರಡೂ ಒಂದೇ ಸ್ಥಿತಿಯನ್ನು ಹಂಚಿಕೊಳ್ಳದಂತೆ 1.1.1ರಲ್ಲಿ ಇಟ್ಟಿದ್ದ ರಕ್ಷಣೆ ಸಾಮಾನ್ಯ ಬಳಕೆಯಲ್ಲಿ ಕೆಲಸವೇ ಮಾಡುತ್ತಿರಲಿಲ್ಲ. ಆದರೆ ಉದ್ದೇಶವೇನೆಂದು ಬರೆದಿಟ್ಟಿದ್ದರಿಂದಲೇ ಆಗುತ್ತಿರುವುದು ಅದಲ್ಲ ಎಂದು ತೋರಿಸಲು ಸಾಧ್ಯವಾಯಿತು. 2019ರಲ್ಲಿ ಅದು ಸರಿಹೋಯಿತು. ಮಾನದಂಡವನ್ನು ನಂಬುವುದು ಹೇಗೆ ಎಂಬುದು ಇನ್ನೂ ಗಂಭೀರವಾದ ಪ್ರಶ್ನೆ. ಅಮೆರಿಕದ ಮಾನದಂಡ ಸಂಸ್ಥೆ ನಿಸ್ಟ್ 2006ರಲ್ಲಿ ತನ್ನ ಮಾನದಂಡಕ್ಕೆ ಸೇರಿಸಿದ ಡ್ಯುಯಲ್ ಇಸಿ ಜನಕದಲ್ಲಿ ಹಿಂಬಾಗಿಲು ಇರಬಹುದೆಂದು ಮರುವರ್ಷವೇ ಗೂಢಲಿಪಿ ತಜ್ಞರಾದ ಡ್ಯಾನ್ ಶುಮೋವ್ ಮತ್ತು ನೀಲ್ಸ್ ಫರ್ಗ್ಯೂಸನ್ ತೋರಿಸಿದ್ದರು. ಸಂಸ್ಥೆ ಅದನ್ನು ಕೈಬಿಡಲು ಮುಂದಾದದ್ದು 2014ರಲ್ಲಿ. ಆ ವಿಳಂಬಕ್ಕೆ ಕ್ಷಮೆಯಿಲ್ಲ. ಆದರೂ ಆ ಸಂದೇಹ ಹುಟ್ಟಿದ್ದು ವಿನ್ಯಾಸ ಪ್ರಕಟವಾಗಿದ್ದರಿಂದ, ಅದರ ಸ್ಥಿರಾಂಕಗಳು ಎಲ್ಲಿಂದ ಬಂದವೆಂದು ಕೇಳಲು ಸಾಧ್ಯವಾದ್ದರಿಂದ. ಓಪನ್‌ಎಸ್‌ಎಸ್‌ಎಲ್ ಆರಿಸಿಕೊಂಡ ಎಇಎಸ್ ಮಾದರಿಯಲ್ಲಿ ಅಂಥ ವಿವರಣೆಯಿಲ್ಲದ ಸ್ಥಿರಾಂಕಗಳಿಲ್ಲ.

ಕೊನೆಗೆ ಎಲ್ಲ ಭಾರವೂ ಕರ್ನಲ್ ಮೇಲೆ ಬೀಳುತ್ತದೆ. 2012ರಲ್ಲಿ ಸಂಶೋಧಕಿ ನಾಡಿಯಾ ಹೆನಿಂಜರ್ ಮತ್ತು ಸಂಗಡಿಗರು ಇಡೀ ಅಂತರ್ಜಾಲವನ್ನು ಶೋಧಿಸಿ, ಟಿಎಲ್‌ಎಸ್ ಬಳಸುವ ಯಂತ್ರಗಳ ಪೈಕಿ ಶೇ 0.5ರಷ್ಟರ ಆರ್‌ಎಸ್‌ಎ ಖಾಸಗಿ ಕೀಲಿಗಳನ್ನು ಲೆಕ್ಕಹಾಕಿ ತೆಗೆದರು. ಆ ಯಂತ್ರಗಳಲ್ಲಿ ಹೆಚ್ಚಿನವು ರೂಟರ್, ಫೈರ್‌ವಾಲ್‌ನಂಥ ಪುಟ್ಟ ಉಪಕರಣಗಳು. ಚಾಲೂ ಆದ ತಕ್ಷಣ, ಕರ್ನಲ್ ಬಳಿ ಸಾಕಷ್ಟು ಅನಿಶ್ಚಿತತೆ ಕೂಡುವ ಮೊದಲೇ ಕೀಲಿ ರಚಿಸಿಕೊಂಡಿದ್ದವು. 2014ರಲ್ಲಿ ಲಿನಕ್ಸ್‌ಗೆ ಬಂದ ಗೆಟ್‌ರ‍್ಯಾಂಡಮ್ ಕರೆ, ಕರ್ನಲ್ ಸಿದ್ಧವಾಗುವವರೆಗೆ ಕಾಯಿಸಿ ಈ ತಪ್ಪನ್ನು ತಡೆಯುತ್ತದೆ. ಹಳೆಯ ಜನಕವನ್ನೇ ಹೊತ್ತ ಓಪನ್‌ಎಸ್‌ಎಸ್‌ಎಲ್ 1.0.2ಕ್ಕೆ ಸಾರ್ವಜನಿಕ ಬೆಂಬಲ 2019ರ ಕೊನೆಗೆ ಮುಗಿದಿದೆ. ಆದ್ದರಿಂದ ಉಪಕರಣ ಕೊಳ್ಳುವ ಬ್ಯಾಂಕುಗಳೂ ಸರ್ಕಾರಿ ಇಲಾಖೆಗಳೂ ಬೀಜ ಎಲ್ಲಿಂದ ಬರುತ್ತದೆ, ಮೊದಲ ಕೀಲಿ ಯಾವಾಗ ರಚನೆಯಾಗುತ್ತದೆ ಎಂಬ ಎರಡು ಪ್ರಶ್ನೆಗಳನ್ನು ಟೆಂಡರಿನಲ್ಲೇ ಕೇಳಿ, ಉತ್ತರವನ್ನು ಲಿಖಿತವಾಗಿ ಪಡೆಯಬೇಕು.